ನಾಯಕನಿಗೆ ಯಾವ ವಯಸ್ಸು?

ಮಾನ್ಯ ಸಂಪಾದಕರೇ,

ಲೋಕಸಭೆಗೆ ಸ್ಪರ್ಧಿಸಲು 25, ರಾಷ್ಟ್ರಪತಿಯಾಗಲು 35 ವರ್ಷ ತುಂಬಿರಬೇಕು ಎನ್ನುತ್ತದೆ ಸಂವಿಧಾನ. ಮೇಲ್ಮಿತಿ ಮಾತ್ರ ಇಲ್ಲ. ರಾಜೀವ್ ಗಾಂಧಿ 40ಕ್ಕೆ ಪ್ರಧಾನಿಯಾದರು, ಮೊರಾರ್ಜಿ ದೇಸಾಯಿ 81ಕ್ಕೆ. ನಮ್ಮ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದಾಗ ಮೂವತ್ತೂ ತುಂಬಿರಲಿಲ್ಲ. ಅಷ್ಟರಲ್ಲಾಗಲೇ ಕಾಗೋಡಿನ ಗೇಣಿದಾರರ ಬೆನ್ನಿಗೆ ನಿಂತಿದ್ದರು.

ನಮ್ಮ ಅಡಿಕೆ ತೋಟಕ್ಕೆ ಕೊನೆ (ಗೊನೆ) ಕೊಯ್ಯಲು ಮೂವತ್ತು ವರ್ಷ ಬಂದ ಕೊನೆಗೌಡರು, ಮರದ ಮೇಲೆ ಕಾಲು ನಡುಗಿದ ವರ್ಷವೇ ಮಗನನ್ನು ಹತ್ತಿಸಿದರು. ಈಗ ಕೆಳಗೆ ನಿಂತು, ಯಾವ ಕೊನೆ ಬಲಿತಿದೆ ಎಂದು ಕೂಗಿ ಹೇಳುತ್ತಾರೆ. ಮಗನೂ ಕೇಳುತ್ತಾನೆ.

ದೇಶ ನಡೆಸಲು 45ರಿಂದ 65 ಹದವಾದ ವಯಸ್ಸು ಎಂಬುದು ನನ್ನ ಅನಿಸಿಕೆ. 75 ದಾಟಿದವರಿಗೆ ಟಿಕೆಟ್ ಇಲ್ಲವೆಂದು ಎಲ್ಲ ಪಕ್ಷಗಳೂ ಬರೆದಿಟ್ಟುಕೊಳ್ಳಲಿ. ಹಿರಿಯರ ಸಲಹೆ ಖಂಡಿತ ಬೇಕು, ಕುರ್ಚಿ ಕಿರಿಯರಿಗೆ ಬಿಡಲಿ.

– ಅಡಿಕೆ ಬೆಳೆಗಾರ, ಸಾಗರ