ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ: ಗಡಿಯ ಮೊದಲ ಗುರುತು ನಾವೇ ಹಾಕುತ್ತೇವೆ, ನೀವು ಬಂದು ಅಳೆಯಿರಿ

ಮಾನ್ಯ ಕಂದಾಯ ಸಚಿವರೇ,

ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಯಾವ ತಾಲ್ಲೂಕು, ಯಾವ ಹೋಬಳಿ ಅಂತ ಹೇಳುವುದಿಲ್ಲ. ನಾಳೆ ಅದೇ ಸರ್ವೆ ಕಚೇರಿಯ ಮುಂದೆ ಮತ್ತೆ ನಿಲ್ಲಬೇಕಾದವನು ನಾನು. ಪಾಲು ಬೇರೆ ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತು, ಜಮೀನಿನ ಒಂದು ಭಾಗ ಮಾರೋಕೆ ಬೇಕಾದ 11ಇ ನಕ್ಷೆ ಇವುಗಳ ನಿಯಮವನ್ನು ನಿಮಗೆ ಹೇಳಿಕೊಡುವಷ್ಟು ದೊಡ್ಡವನೂ ಅಲ್ಲ. ನೇರವಾಗಿ ಕೇಳುತ್ತೇನೆ. ಜಮೀನಿನ ಗಡಿಯ ಮೊದಲ ಗುರುತನ್ನು ಜಮೀನಿನವರು, ಅಕ್ಕಪಕ್ಕದವರು ಸೇರಿ ಮೊಬೈಲಿನಲ್ಲಿ ಹಾಕೋಕೆ ಬಿಡಿ. ಆಮೇಲೆ ಸರ್ವೆಯರ್ ಬಂದು ಅಳೆದು ಖಾತ್ರಿ ಮಾಡಲಿ.

ತಂದೆಯವರು ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಜಮೀನು ಹಂಚಿಕೊಂಡೆವು. ಜಗಳ, ಕೋರ್ಟು ಏನೂ ಇಲ್ಲ. ನಡುವೆ ಬದು ಹಾಕಿ ಅವರವರ ಪಾಲಿನಲ್ಲಿ ಮೆಕ್ಕೆಜೋಳ, ಈರುಳ್ಳಿ ಬೆಳೆದುಕೊಂಡಿದ್ದೇವೆ. ಪಹಣಿಯಲ್ಲಿ ಮಾತ್ರ ಇನ್ನೂ ಎಲ್ಲರ ಹೆಸರೂ ಒಟ್ಟಿಗೇ ಇದೆ. ಸಾಲಕ್ಕೆ ಹೋದರೆ ಉಳಿದವರ ಸಹಿ ತನ್ನಿ ಅಂತಾರೆ. ಬೆಂಗಳೂರಿನಲ್ಲಿರುವ ತಮ್ಮ ಅದಕ್ಕೆ ರಜೆ ಹಾಕಿ ಬರಬೇಕು. ಮಗಳ ಮದುವೆಗೆ ಒಂದೆಕರೆ ಮಾರೋಣ ಅಂತ ಹೊರಟರೆ, ಸರ್ವೆ ನಂಬರಿನ ಒಂದು ಭಾಗ ಮಾರೋಕೆ 11ಇ ಇಲ್ಲದೆ ನೋಂದಣಿ ಇಲ್ಲ. ಮದುವೆ ಕೈಸಾಲದಲ್ಲೇ ಆಯಿತು. ಬಡ್ಡಿ ಈಗಲೂ ಕಟ್ಟುತ್ತಿದ್ದೇನೆ. ಬಡ್ಡಿಯವನು ನಕ್ಷೆ ಕೇಳಲಿಲ್ಲ ನೋಡಿ, ಅದೊಂದು ಪುಣ್ಯ.

ಇಷ್ಟನ್ನೂ ಸಹಿಸಿಕೊಂಡೇ ಇದ್ದೆ. ಹೋದ ಸುಗ್ಗಿ ಮುಗಿದ ಮೇಲೆ ನಡೆದದ್ದನ್ನು ಸಹಿಸೋಕೆ ಆಗಲಿಲ್ಲ.

ನಾನು ಹಾಕಿದ್ದ ಅರ್ಜಿಯ ಮೇಲೆ ಅಳತೆಗೆ ನೋಟಿಸ್ ಬಂತು. ಬೆಳಗ್ಗೆ ಹತ್ತು ಗಂಟೆಗೆ ಸ್ಥಳದಲ್ಲಿ ಇರಬೇಕು, ಬಾಜುದಾರರನ್ನೂ, ಅಂದರೆ ಅಕ್ಕಪಕ್ಕದ ಜಮೀನಿನವರನ್ನೂ, ಕರೆಸಬೇಕು. ಹಿಂದಿನ ದಿನವೇ ಗಡಿಯ ಬಾಂದು ಕಲ್ಲು ಹುಡುಕಿದೆವು. ಮೂಲೆಯ ಕಲ್ಲಿನ ಮೇಲೆ ಸೀಮೆಜಾಲಿ ಕವುಚಿಕೊಂಡಿತ್ತು. ಮಚ್ಚಿನಲ್ಲಿ ಸವರಿ, ಮಣ್ಣು ಕೆದಕಿ, ಕಲ್ಲಿನ ತಲೆಗೆ ಸುಣ್ಣ ಬಳಿದೆವು. ಬದುವಿನ ಉದ್ದಕ್ಕೂ ಸುಣ್ಣದ ಪುಡಿ ಎಳೆದೆವು. ಪಡುವಣ ಕಡೆಯ ಜಮೀನಿನ ಯಜಮಾನರಿಗೆ ಮಂಡಿನೋವು, ನಡೆಯೋಕಾಗಲ್ಲ. ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ತಮ್ಮ ರಾತ್ರಿ ಬಸ್ಸಿಗೆ ಬಂದಿದ್ದ. ಹತ್ತಾಯಿತು, ಹನ್ನೆರಡಾಯಿತು. ಸರ್ವೆಯರ್‌ಗೆ ಫೋನ್ ಮಾಡಿದರೆ "ಬರ್ತಾ ಇದೀನಿ" ಅಂದರು. ಬುತ್ತಿ ಬಿಚ್ಚಿ ಉಂಡೆವು. ಮೂರು ಗಂಟೆ ಮೇಲೆ ಫೋನ್ ಸ್ವಿಚ್ ಆಫ್. ಹೊತ್ತು ಮುಳುಗಿದ ಮೇಲೆ ಯಜಮಾನರನ್ನು ಮನೆಗೆ ಬಿಟ್ಟು ಬಂದೆ.

ಮುಂದಿನ ವಾರ ಕಚೇರಿಗೆ ಹೋದರೆ ನನ್ನ ಅರ್ಜಿ ವಿಲೇವಾರಿ ಆಗಿತ್ತು. ಷರಾ ಏನು ಗೊತ್ತಾ? 'ಅರ್ಜಿದಾರರು ಸ್ಥಳದಲ್ಲಿ ಹಾಜರಿರಲಿಲ್ಲ.'

ನನ್ನ ಮಗ ಆವತ್ತು ಫೋಟೋ ತೆಗೆದಿದ್ದ. ನಾವೆಲ್ಲ ಕಲ್ಲಿನ ಪಕ್ಕ ನಿಂತಿದ್ದೇವೆ. ಕೆಳಗೆ ತಾರೀಖು, ಗಂಟೆ, ಅಕ್ಷಾಂಶ, ರೇಖಾಂಶ ಎಲ್ಲ ಬಿದ್ದಿದೆ. ತೋರಿಸಿದೆ. ಅಲ್ಲಿದ್ದವರು ಕತ್ತೆತ್ತದೆ ಹೇಳಿದರು: "ಮೊಬೈಲ್ ಫೋಟೋ ಎಲ್ಲ ನಡಿಯಲ್ರಿ ಯಜಮಾನ್ರೆ. ಹೊಸದಾಗಿ ಅರ್ಜಿ ಹಾಕ್ರಿ, ಫೀಸು ಕಟ್ರಿ."

ನಡೆಯಲ್ವಾ ಸ್ವಾಮಿ? 2020ರಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡಿ ಅಂತ ಆಪ್ ಕೊಟ್ಟದ್ದು ಸರ್ಕಾರವೇ ಅಲ್ವಾ? ಹೊಲದಲ್ಲಿ ನಿಂತು ಫೋಟೋ ತೆಗೆದು ಕಳಿಸುತ್ತೇವೆ. ಬೆಳೆ ವಿಮೆಗೆ, ಪರಿಹಾರಕ್ಕೆ ಅದೇ ಆಧಾರ. ಹೊಲದಲ್ಲಿ ಈರುಳ್ಳಿ ಇತ್ತು ಅಂತ ಮೊಬೈಲ್ ಹೇಳಿದರೆ ನಂಬುತ್ತೀರಿ, ಈರುಳ್ಳಿ ಬೆಳೆದವನು ಇದ್ದ ಅಂದರೆ ನಂಬಲ್ಲ. ಊರೊಳಗೆ ನೋಡಿ. ಅದೇ 2020ರಲ್ಲಿ ಶುರುವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಅಳೆಯೋಕೆ ಡ್ರೋನ್ ಹಾರಿಸುತ್ತಾರೆ. ಹಾರಿಸುವ ಮೊದಲು ಜನರನ್ನು ಸೇರಿಸಿಕೊಂಡೇ ಮನೆ ಜಾಗದ ಸುತ್ತ ಸುಣ್ಣದ ಗುರುತು ಹಾಕುತ್ತಾರೆ. ಮನೆಗೆ ಒಂದು ನ್ಯಾಯ, ಹೊಲಕ್ಕೆ ಇನ್ನೊಂದಾ?

ಇನ್ನು ನಿಮ್ಮ ಇಲಾಖೆಯದೇ ಆಪ್‌ಗಳು. ದಿಶಾಂಕ್ ತೆರೆದರೆ ನಾನು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. 2022ರಲ್ಲಿ ಸ್ವಾವಲಂಬಿ ಅಂತ ಆಪ್ ಬಂತು. ಪೋಡಿಗೆ, 11ಇಗೆ ನಕ್ಷೆಯನ್ನು ಮಾಲೀಕರೇ ಮಾಡಿ ಸಲ್ಲಿಸಬಹುದು ಅಂತ ಪೇಪರಿನಲ್ಲಿ ಓದಿ ಕುಣಿದಾಡಿದ್ದೆ. ನಮ್ಮ ಕಚೇರಿಯಲ್ಲಿ ಅದರ ಹೆಸರೆತ್ತಿದರೆ "ಅದನ್ನೆಲ್ಲ ಬಿಡ್ರಿ" ಅಂತಾರೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಹೋದ ಕೂಡಲೇ ಪ್ರಿಂಟ್ ಸಿಗುತ್ತೆ. ಅದರಲ್ಲಿ ಬರೆದ ಎಕರೆ, ಗುಂಟೆ ನೆಲದ ಮೇಲೆ ಎಲ್ಲಿದೆ ಅಂತ ಹೇಳೋಕೆ ಮಾತ್ರ ಯಾರೂ ಬರಲ್ಲ.

ಮೊಬೈಲಿನಲ್ಲಿ ಅಳತೆ ಸರಿ ಬರಲ್ಲ ಅಂತ ನಿಮ್ಮವರು ಹೇಳಬಹುದು. ನಿಜ. ಬಟ್ಟಬಯಲಿನಲ್ಲೂ ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೋಗುತ್ತೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಅದರಲ್ಲಿ ಹದಿನೈದು ಅಡಿ ತಪ್ಪಿದರೆ ಚೆನ್ನಾಗಿರುವ ಅಣ್ಣತಮ್ಮಂದಿರೂ ಕುಡುಗೋಲು ಹಿಡೀತಾರೆ. ಕಲ್ಲು ನೆಡುವ ಅಳತೆಯನ್ನು ಮೊಬೈಲಿನಲ್ಲಿ ಮಾಡಿ ಅಂತ ನಾನೆಲ್ಲಿ ಹೇಳಿದೆ? ಅದಕ್ಕೆ ರೋವರ್ ಅನ್ನೋ ಉಪಗ್ರಹ ಅಳತೆಯ ಯಂತ್ರ ಇದೆ, ಸೆಂಟಿಮೀಟರ್ ಲೆಕ್ಕದಲ್ಲಿ ತೋರಿಸುತ್ತೆ. ರೋವರ್ ಬರುವ ಮೊದಲಿನ ಕೆಲಸ ನಮಗೆ ಕೊಡಿ. ಬದು ಗುಂಟ ನಡೆದು ಒಂದು ಕಚ್ಚಾ ನಕ್ಷೆ ತೆಗೆಯುತ್ತೇವೆ. ಪ್ರತಿ ಬಾಂದು ಕಲ್ಲಿನ ಫೋಟೋ ಹಾಕುತ್ತೇವೆ. ಬಾಜುದಾರರು ಒಟಿಪಿ ಕೊಟ್ಟು ಒಪ್ಪಿಗೆ ಹೇಳಲಿ, ಒಪ್ಪದಿದ್ದರೆ ತಕರಾರು ಅಲ್ಲೇ ದಾಖಲಾಗಲಿ. ಫೋನ್ ಇಲ್ಲದವರನ್ನು ಗ್ರಾಮ ಆಡಳಿತಾಧಿಕಾರಿ ಬಂದು ಕೇಳಲಿ. ಎಲ್ಲಿ ತಕರಾರಿಲ್ಲ ಅಂತ ಸರ್ವೆಯರ್‌ಗೆ ಕಚೇರಿಯಲ್ಲೇ ಗೊತ್ತಾದರೆ ಅಂಥ ಜಮೀನು ಬೇಗ ಬೇಗ ಮುಗಿಯುತ್ತೆ. ಅವರಿಗೂ ಕೆಲಸ ಜಾಸ್ತಿ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು. ಸರ್ವೆಯರ್ ಮೊಬೈಲೂ ಜಾಗ ತೋರಿಸಲಿ. ನಾವು ಹಾಜರಿರಲಿಲ್ಲ ಅಂತ ಬರೆಯುವ ಮೊದಲು, ತಾವು ಹಾಜರಿದ್ದೆವು ಅಂತ ತೋರಿಸಲಿ.

ಮತ್ತೆ ಕೇಳುತ್ತೇನೆ, ಮೊದಲ ಗುರುತು ನಮ್ಮ ಕೈಯಲ್ಲಿ ಹಾಕಿಸಿ. ಇಡೀ ರಾಜ್ಯಕ್ಕೆ ಬೇಡ, ನಮ್ಮ ಜಿಲ್ಲೆಯ ಒಂದು ಹೋಬಳಿಯಲ್ಲಿ ಮಾಡಿ ನೋಡಿ. 'ಸಂಬಂಧಪಟ್ಟವರಿಗೆ ರವಾನಿಸಲಾಗಿದೆ' ಅಂತ ಉತ್ತರ ಮಾತ್ರ ಕಳಿಸಬೇಡಿ, ಆ ಸಂಬಂಧಪಟ್ಟವರನ್ನು ದಿನಾ ನೋಡುತ್ತಿದ್ದೇನೆ. ಹೊಲ ಖಾಲಿ ಇರುವುದು ಬೇಸಿಗೆಯಲ್ಲಿ. ಮುಂಗಾರು ಬಿತ್ತನೆ ಶುರುವಾದರೆ ಯಾರೂ ಹೊಲದೊಳಗೆ ಸರಪಳಿ ಎಳೆಯೋಕೆ ಬಿಡಲ್ಲ. ಅಷ್ಟರೊಳಗೆ ಸುತ್ತೋಲೆ ಹೊರಡಿಸಿ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ರೈತ
(ಹೊಸ ಅರ್ಜಿ ಹಾಕಿದ್ದೇನೆ, ಫೀಸೂ ಕಟ್ಟಿದ್ದೇನೆ)