ಯಾವ ಬಾಕ್ಸರನ್ನು ಮೆಚ್ಚಬೇಕು

ಚಿ. ನಿಖಿಲನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬಾಕ್ಸಿಂಗಿನ ಮರ್ಯಾದೆ ಉಳಿಸಿದವರು ಯಾರು ಎಂದು ಕೇಳಿದ್ದೀಯ. ಗೆದ್ದ ಚಾಂಪಿಯನ್ ಬೆಲ್ಟುಗಳ ಲೆಕ್ಕ ಸ್ವಲ್ಪ ಬದಿಗಿಡು. ಅಂಕ ಸಿಗದ ಕಡೆ ಅವರು ಹೇಗೆ ನಡೆದುಕೊಂಡರು ಎಂಬುದನ್ನು ನೋಡು.

ಮೊದಲನೆಯದು ಪಂದ್ಯಕ್ಕೆ ಮೊದಲು ಬಾಕ್ಸರುಗಳನ್ನು ತೂಗುವ ದಿನ. 2005ರ ಮೇ ತಿಂಗಳಲ್ಲಿ ಬಾಕ್ಸರ್ ಹೊಸೆ ಲೂಯಿಸ್ ಕಾಸ್ಟಿಯೊ ಎದುರು ಹತ್ತನೇ ಸುತ್ತಿನಲ್ಲಿ ಎರಡು ಸಲ ಬಿದ್ದ ಡಿಯೇಗೊ ಕೊರಾಲೆಸ್, ಎದ್ದು ಅದೇ ಸುತ್ತಿನಲ್ಲಿ ಗೆದ್ದ. ಅಕ್ಟೋಬರಿನ ಮರುಪಂದ್ಯಕ್ಕೆ ಮಿತಿ 135 ಪೌಂಡ್. ಕಾಸ್ಟಿಯೊ ತೂಗಿದ್ದು 138.5. ಗೆದ್ದದ್ದು ಅವನೇ, ನಾಲ್ಕನೇ ಸುತ್ತಿನಲ್ಲಿ. ಆ ಗೆಲುವಿಗೆ ನಾನು ಬೆಲೆ ಕೊಡುವುದಿಲ್ಲ. ಕೊನೆಯ ಮೂರ್ನಾಲ್ಕು ಪೌಂಡ್ ಇಳಿಸುವುದೆಂದರೆ ಬಹುಪಾಲು ಮೈಯ ನೀರು ಬಸಿಯುವುದು; ಒಬ್ಬ ಮಾತ್ರ ಆ ಕಷ್ಟಪಟ್ಟು ರಿಂಗಿಗೆ ಬಂದರೆ ಪಂದ್ಯ ಸಮವಾಗುವುದಿಲ್ಲ.

ಎರಡನೆಯದು ಗ್ಲೌಸು ಹಾಕುವ ಮೊದಲು ಕೈಗೆ ಪಟ್ಟಿ ಸುತ್ತುವ ಹೊತ್ತು. ಗಾಜ್ ಬಟ್ಟೆ, ಮೇಲೆ ಟೇಪು, ಅಷ್ಟೇ. ಎದುರಾಳಿಯ ಕಡೆಯವರೊಬ್ಬರು ಪಕ್ಕದಲ್ಲೇ ನಿಂತು ನೋಡುತ್ತಾರೆ, ಮುಗಿದ ಮೇಲೆ ಅಧಿಕಾರಿ ಪಟ್ಟಿಯ ಮೇಲೆ ಸಹಿ ಹಾಕುತ್ತಾನೆ. 2009ರ ಜನವರಿಯಲ್ಲಿ ಶೇನ್ ಮೋಸ್ಲಿಯ ತರಬೇತುದಾರ ನಝೀಮ್ ರಿಚರ್ಡ್‌ಸನ್ ಹೀಗೆ ನಿಂತು ನೋಡಿದ್ದರಿಂದಲೇ ಎದುರಾಳಿ ಆಂಟೋನಿಯೊ ಮಾರ್ಗರಿಟೊನ ಪಟ್ಟಿಯೊಳಗೆ ಗಟ್ಟಿಯಾದ ಪ್ಯಾಡು ಸಿಕ್ಕಿತು. ಅದನ್ನು ಬಿಚ್ಚಿಸಿ ಹೊಸದಾಗಿ ಸುತ್ತಿಸಿದರು. ಮಾರ್ಗರಿಟೊ ಆ ಪಂದ್ಯ ಸೋತ, ಆಮೇಲೆ ಪರವಾನಗಿಯನ್ನೂ ಕಳೆದುಕೊಂಡ. ಗಟ್ಟಿ ಪಟ್ಟಿಯ ಪೆಟ್ಟು ಎದುರಾಳಿಯ ಕಣ್ಣನ್ನೇ ತೆಗೆಯಬಹುದು, ಜೀವವನ್ನೂ ತೆಗೆಯಬಹುದು.

ಅದೇ ಮಾರ್ಗರಿಟೊ 2010ರ ನವೆಂಬರಿನಲ್ಲಿ ಮ್ಯಾನಿ ಪ್ಯಾಕಿಯಾವ್ ಎದುರು ನಿಂತ. ಆ ಪಂದ್ಯವನ್ನು ನೀನು ಪೂರ್ತಿ ನೋಡಲೇಬೇಕು. ಪ್ಯಾಕಿಯಾವ್ ಕಿರೀಟ ಗೆದ್ದ ಎಂಟನೇ ತೂಕ ವಿಭಾಗ ಅದು. ತನಗಿಂತ ಎತ್ತರದ, ತೂಕದ ಆಳಿನ ಮುಂದೆ ಎಡಕ್ಕೂ ಬಲಕ್ಕೂ ಸರಿಯುತ್ತ, ನಾಲ್ಕೈದು ಪಂಚ್ ಹೊಡೆದು ತಕ್ಷಣ ಜಾಗ ಬದಲಿಸುವ ಕಾಲುಗಳನ್ನು ಗಮನಿಸು. ಕೊನೆಯ ಸುತ್ತುಗಳಲ್ಲಿ ಮಾರ್ಗರಿಟೊನ ಕಣ್ಣು ಊದಿ ಮುಚ್ಚಿಹೋಗಿತ್ತು. ಪ್ಯಾಕಿಯಾವ್ ರೆಫ್ರಿಯ ಕಡೆ ತಿರುಗಿ ನೋಡಿದ, ನಿಲ್ಲಿಸಿ ಎನ್ನುವಂತೆ. ರೆಫ್ರಿ ನಿಲ್ಲಿಸಲಿಲ್ಲ. ಹನ್ನೆರಡನೇ ಸುತ್ತಿನಲ್ಲಿ ಪ್ಯಾಕಿಯಾವ್‌ನೇ ಕೈ ಹಗುರ ಮಾಡಿದ. ನಾಕೌಟ್ ಕೈಗೆಟಕುವಂತಿದ್ದಾಗ ಅದನ್ನು ಬಿಟ್ಟುಕೊಡುವ ಮನಸ್ಸು ಬಹಳ ಜನರಿಗೆ ಬರುವುದಿಲ್ಲ, ಮಗೂ.

ಕಾರ್ನರಿನಲ್ಲಿ, ಅಂದರೆ ರಿಂಗಿನ ಮೂಲೆಯಲ್ಲಿ ನಿಂತು ಬಾಕ್ಸರನನ್ನು ನೋಡಿಕೊಳ್ಳುವವರನ್ನೂ ಮರೆಯಬೇಡ. 1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿ ಎದುರು ಹದಿನಾಲ್ಕು ಸುತ್ತು ಕಳೆದ ಮೇಲೆ ಜೋ ಫ್ರೇಜಿಯರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವನು ಬೇಡವೆಂದರೂ ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿದ. ಉಳಿದಿದ್ದದ್ದು ಕೊನೆಯ ಒಂದೇ ಸುತ್ತು, ಮೂರೇ ನಿಮಿಷ. ಗೆದ್ದ ಅಲಿಯಷ್ಟೇ ಗೌರವ ಫಚ್‌ಗೂ ಸಲ್ಲಬೇಕು.

ಇನ್ನೊಂದು ಮಾತು. ಪಂದ್ಯ ನೋಡುವಾಗ ಕಾಮೆಂಟರಿಯ ಸದ್ದು ತೆಗೆದುಬಿಡು. ಪ್ರತಿ ಸುತ್ತು ಮುಗಿದೊಡನೆ ಅಂಕ ಬರೆ: ಸಾಮಾನ್ಯವಾಗಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9; ಸೋತವನು ಒಮ್ಮೆ ಬಿದ್ದಿದ್ದರೆ 10-8. ಗ್ಲೌಸಿಗೆ, ತೋಳಿಗೆ ತಾಗಿದ ಹೊಡೆತ ಲೆಕ್ಕಕ್ಕಿಲ್ಲ. ಜನ ಕೂಗಿದರೂ ಇಲ್ಲ. ಪ್ಯಾಕಿಯಾವ್‌ನ ಆ ಪಂದ್ಯದಿಂದಲೇ ಶುರುಮಾಡಿ, ಬರೆದ ಹಾಳೆಯನ್ನು ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ