ಐದನೆಯ ತೆನೆ

ಮಾನ್ಯ ಸಂಪಾದಕರೇ,

ದೇವರಿಗೆ ಹೆದರಿ ನಡೆಯುವವರು ಸಲಿಂಗಿಗಳನ್ನು ಮನೆಯೊಳಗೆ ಸೇರಿಸಬಾರದು ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ನಾನೂ ದೇವರಿಗೆ ಹೆದರುವವಳೇ. ಕಾರ್ಕಳ ಕಡೆಯ ಕಥೋಲಿಕ ಮನೆತನದವಳು, 34 ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಸಂಜೆಯ ಜಪಸರ ಇಂದಿಗೂ ತಪ್ಪಿಸಿಲ್ಲ.

ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ, ಕನ್ಯಾ ಮರಿಯಮ್ಮನವರು ಹುಟ್ಟಿದ ದಿನ. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದವಾಗುತ್ತದೆ. ನಮ್ಮ ಚರ್ಚಿನಲ್ಲಿ ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ತೆನೆ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಬಾಳೆಲೆ ಊಟ. ದುಬೈ, ಕುವೈತಿನಲ್ಲಿರುವ ಮಕ್ಕಳಿಗೂ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ದೂರದಲ್ಲಿದ್ದಾರೆಂದು ಯಾರನ್ನೂ ಲೆಕ್ಕದಿಂದ ಬಿಡುವ ಪದ್ಧತಿ ನಮ್ಮಲ್ಲಿಲ್ಲ.

2018ರಲ್ಲಿ ನೊವೆನಾದ ಎಂಟನೆಯ ದಿನ, ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದ ತೀರ್ಪು ಕೊಟ್ಟರು: ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ. ನನ್ನ ಅಕ್ಕನ ಹಿರಿಮಗ ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದ. ಅವನ ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತವಳು ನಾನೇ. ಆ ರಾತ್ರಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿದ್ದವನು, ತುರಿಮಣೆಯಿಂದ ತಲೆ ಎತ್ತದೆ ತನ್ನ ವಿಷಯ ಹೇಳಿದ. ಅಕ್ಕ ಒಲೆ ಆರಿಸಿದಳು. ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ನಮ್ಮ ವಾರ್ಡಿನ ಮುಖಂಡರಾದ ಗುರಿಕಾರರು ಎಷ್ಟು ತೆನೆ ಎಂದು ಕೇಳಿದಾಗ ಭಾವ, "ನಾಲ್ಕು ಸಾಕು" ಎಂದರು. ಅದು ಐದು ಜನರ ಮನೆ.

ನನ್ನ ಪಾಲಿನ ತೆನೆಯಿಂದ ಕಾಳು ಬಿಡಿಸಿ ಅವನ ಅಂಗೈಗೆ ಹಾಕಿದೆ. ತಿನ್ನಲಿಲ್ಲ, ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಆಮೇಲೆ ಯಾರೋ ಹೇಳಿದರೆಂದು ಅವನನ್ನು ಒಂದು ಕಡೆ, ದುಷ್ಟಶಕ್ತಿ ಬಿಡಿಸುತ್ತೇವೆಂದು ಮಾಡುವ ಬಿಡುಗಡೆ ಪ್ರಾರ್ಥನೆಗೆ ಕರೆದೊಯ್ದರು. ಮೂರು ದಿನ ತಲೆಯ ಮೇಲೆ ಕೈಯಿಟ್ಟು ಕೂಗಿದರಂತೆ. ಆ ಬಗ್ಗೆ ಅವನು ನನ್ನ ಹತ್ತಿರ ಆಡಿದ್ದು ಒಂದೇ ಮಾತು: "ಮಾವ್ಶಿ (ಚಿಕ್ಕಮ್ಮ), ಅಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ." ಸಲಿಂಗಿಯಾಗಿರುವುದು ರೋಗವೇ ಅಲ್ಲ ಎಂದು ಮನೋವೈದ್ಯರೇ ಹೇಳುತ್ತಾರೆ. ಇದನ್ನು ಬದಲಿಸುತ್ತೇನೆಂದು ಚಿಕಿತ್ಸೆಗಿಳಿಯುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಡಾಕ್ಟರು ಮಾಡಬಾರದ್ದನ್ನು ನಾವು ಪ್ರಾರ್ಥನೆಯ ಹೆಸರಿನಲ್ಲಿ ಮಾಡಬಹುದೇ?

ಮದುವೆಯ ಬಗ್ಗೆ ಧರ್ಮಸಭೆಯ ಬೋಧನೆ ಬದಲಾಗಿಲ್ಲ, ನನಗೆ ಗೊತ್ತಿದೆ. ಆದರೆ ಆ ಬೋಧನೆ ಇರುವ ಕೆಟೆಕಿಸಂ ಗ್ರಂಥದಲ್ಲೇ, 2358ನೆಯ ಪರಿಚ್ಛೇದದಲ್ಲಿ, ಇವರನ್ನು ಗೌರವದಿಂದ, ಕನಿಕರದಿಂದ, ಮನಸ್ಸು ನೋಯದಂತೆ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯ ಕೂಡದು ಎಂದೂ ಇದೆ. ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ, ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಬಾಯಿಬಿಟ್ಟು ಹೇಳಿದರು. ಆ ವರ್ಷದ ಡಿಸೆಂಬರಿನಲ್ಲಿ, ಅದು ಮದುವೆಯಲ್ಲ ಎಂಬುದನ್ನು ಸ್ಪಷ್ಟಪಡಿಸಿಯೇ, ಅಂಥ ಜೋಡಿ ಬಂದು ಕೇಳಿಕೊಂಡರೆ ಪಾದ್ರಿಗಳು ಆಶೀರ್ವದಿಸಬಹುದು ಎಂದು ವ್ಯಾಟಿಕನ್ ಒಪ್ಪಿತು. ಹಾಗಿರುವಾಗ ಮಗನನ್ನು ಹೊರಗೆ ಹಾಕು ಎಂದು ನಮ್ಮ ಜನರಿಗೆ ಹೇಳಿದವರಾರು? ನಾನು ಇಷ್ಟು ವರ್ಷ ಕೇಳಿದ ಸುವಾರ್ತೆಯಲ್ಲಂತೂ ಆ ಮಾತಿಲ್ಲ.

ಪಾದ್ರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ನೊವೆನಾದ ಒಂಬತ್ತು ಪ್ರವಚನಗಳಲ್ಲಿ ಒಂದು ದಿನ ಆ ಪರಿಚ್ಛೇದವನ್ನು ಕೊಂಕಣಿಯಲ್ಲೋ ಕನ್ನಡದಲ್ಲೋ ಓದಿ ಹೇಳಿ. ಎರಡು ನಿಮಿಷ ಸಾಕು. ಹಿಂದಿನ ಬೆಂಚಿನಲ್ಲಿ ಯಾರ ಮಗ, ಯಾರ ಮಗಳು ಕೂತಿದ್ದಾರೋ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗುರಿಕಾರರೇ, ತೆನೆಯ ಲೆಕ್ಕ ಬರೆಯುವಾಗ ಮನೆಯಲ್ಲಿ ಎಷ್ಟು ಜನರಿದ್ದಾರೆ ಎನ್ನುವ ಬದಲು ಮಕ್ಕಳೆಷ್ಟು ಎಂದು ಕೇಳಿ.

ಈ ಸಲ ಅಕ್ಕನ ಮನೆಗೆ ಐದು ತೆನೆ ಎಂದು ನಾನೇ ಹೋಗಿ ಬರೆಸಿ ಬಂದಿದ್ದೇನೆ. ಭಾವನಿಗೂ ತಿಳಿಸಿದೆ. ಅವರು ಪೇಪರಿನಿಂದ ಮುಖ ಎತ್ತಲಿಲ್ಲ, ಆದರೆ ಬೇಡ ಎನ್ನಲಿಲ್ಲ.

– ನಿವೃತ್ತ ಶಿಕ್ಷಕಿ, ಕಾರ್ಕಳ ತಾಲ್ಲೂಕು
(ಹುಡುಗನ ಸಲುವಾಗಿ ನನ್ನ ಹೆಸರು ಹಾಕಬೇಡಿ ಎಂದು ವಿನಂತಿ.)